ಗಾಣದ ಎಣ್ಣೆಯೋ, ರಿಫೈನ್ಡ್ ಎಣ್ಣೆಯೋ? ಅಡುಗೆಮನೆಗೆ ತಾಜಾ ಎಣ್ಣೆ ಆರಿಸುವುದು ಹೇಗೆ?

ಚಾಮರಾಜಪೇಟೆ, ಬಸವನಗುಡಿಯ ಸುತ್ತಮುತ್ತ ‘ಮರದ ಗಾಣದ ಎಣ್ಣೆ’ ಎಂಬ ಬೋರ್ಡು ಈಗ ಸಾಮಾನ್ಯ. ಎತ್ತಿನ ಬದಲು ಮೋಟಾರು ಗಾಣ ತಿರುಗಿಸುತ್ತದೆ, ಕಣ್ಣೆದುರೇ ಎಣ್ಣೆ ಇಳಿಯುತ್ತದೆ. ಬೆಂಗಳೂರಿಗೆ ಗಾಣ ಹೊಸದಲ್ಲ. ಹಳೆಯ ಪೇಟೆಯಲ್ಲಿ ಗಾಣಿಗರಪೇಟೆ ಎಂಬ ಹೆಸರು ಇನ್ನೂ ಉಳಿದಿದೆ. ಹೊಸದೆಂದರೆ ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು: ‘ರಿಫೈನ್ಡ್ ಎಣ್ಣೆ ನಿಧಾನ ವಿಷ. ಗಾಣದ ಎಣ್ಣೆ ಎಷ್ಟು ತಿಂದರೂ ಏನೂ ಆಗದು.’

ಈ ಮಾತಿನ ಎರಡು ಭಾಗಗಳೂ ಸರಿಯಲ್ಲ. ಯಾಕೆ ಎಂದು ನೋಡೋಣ.

ಎರಡಕ್ಕೂ ಇರುವ ವ್ಯತ್ಯಾಸವೇನು?

ಗಾಣದಲ್ಲಿ ಬೀಜವನ್ನು ಅರೆದು, ಒತ್ತಿ ಎಣ್ಣೆ ತೆಗೆಯುತ್ತಾರೆ. ಹೆಚ್ಚು ಬಿಸಿ ತಾಗದ ಕಾರಣ ಬೀಜದ ಬಣ್ಣ, ಘಮ, ವಿಟಮಿನ್ ಇ ಬಹುಪಾಲು ಉಳಿಯುತ್ತವೆ. ಕಾರ್ಖಾನೆಯಲ್ಲಿ ಹಲವು ಬಾರಿ ಹೆಕ್ಸೇನ್ ಎಂಬ ದ್ರಾವಕ ಬಳಸಿ ಎಣ್ಣೆ ತೆಗೆದು, ಆಮೇಲೆ ಅಂಟು, ಆಮ್ಲ, ಬಣ್ಣ, ವಾಸನೆಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಇದೇ ರಿಫೈನಿಂಗ್. ಈ ಹಾದಿಯಲ್ಲಿ ದ್ರಾವಕವನ್ನೂ ಆವಿ ಮಾಡಿ ಹೊರಹಾಕುತ್ತಾರೆ. ಸ್ವಲ್ಪ ವಿಟಮಿನ್ ಇ ಕೂಡ ಕಳೆದುಹೋಗುತ್ತದೆ, ನಿಜ. ಆದರೆ ಬೇಡದ ವಸ್ತುಗಳೂ ಹೋಗುತ್ತವೆ.

ಕಡಲೆಕಾಯಿಯನ್ನೇ ತೆಗೆದುಕೊಳ್ಳಿ. ಸರಿಯಾಗಿ ಒಣಗದ ಕಾಯಿಗೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ದೀರ್ಘಕಾಲ ದೇಹ ಸೇರಿದರೆ ಇದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಎಣ್ಣೆ ಒತ್ತಿದಾಗ ಅದರ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದರೂ ಸ್ವಲ್ಪ ಎಣ್ಣೆಗೂ ಇಳಿಯುತ್ತದೆ. ರಿಫೈನಿಂಗ್ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ, ಗಾಣ ತೆಗೆಯುವುದಿಲ್ಲ. ಹಾಗಾಗಿ ಗಾಣದ ಎಣ್ಣೆ ಒಳ್ಳೆಯದೋ ಅಲ್ಲವೋ ಎಂಬುದು ಅದಕ್ಕೆ ಹಾಕಿದ ಬೀಜವನ್ನು ಅವಲಂಬಿಸಿದೆ. ಅಂಗಡಿಗೆ ಹೋದಾಗ ಎಣ್ಣೆಗಿಂತ ಮೊದಲು ಬೀಜದ ಮೂಟೆ ನೋಡಿ. ಮುರುಟಿದ, ಕಪ್ಪಾದ, ಬೂಸ್ಟು ವಾಸನೆಯ ಬೀಜವಿದ್ದರೆ ವಾಪಸ್ ಬನ್ನಿ.

ತಾಜಾ ಎಂದರೇನು?

ಗಾಳಿ, ಬೆಳಕು, ಬಿಸಿ ತಾಗಿದರೆ ಎಣ್ಣೆ ಹಾಳಾಗಿ ಕಮಟು ವಾಸನೆ ಬರುತ್ತದೆ. ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಬಹು ಅಪರ್ಯಾಪ್ತ ಕೊಬ್ಬು ಹೆಚ್ಚಿರುವುದರಿಂದ ಅವು ಬೇಗ ಕೆಡುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ಪರ್ಯಾಪ್ತ ಕೊಬ್ಬಿದೆ. ಬೇಗ ಕೆಡದು, ಆದರೆ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸುವ ಕಾರಣ ಮಿತವಾಗಿ ಬಳಸಬೇಕು. ಎಳ್ಳೆಣ್ಣೆಯಲ್ಲಿ ತಾನಾಗಿಯೇ ಇರುವ ಉತ್ಕರ್ಷಣ ನಿರೋಧಕಗಳು ಅದನ್ನು ಹೆಚ್ಚು ಕಾಲ ಕಾಪಾಡುತ್ತವೆ.

ನಮ್ಮ ಮನೆಯಲ್ಲೇ ಒಮ್ಮೆ ಐದು ಲೀಟರ್ ಗಾಣದ ಎಣ್ಣೆ ತಂದು ಒಲೆಯ ಪಕ್ಕ ಇಟ್ಟು, ಕೊನೆಯ ಒಂದು ಲೀಟರ್ ಚೆಲ್ಲಬೇಕಾಯಿತು. ತಾಜಾತನ ಗಾಣದಲ್ಲಿ ಶುರುವಾದರೂ ಉಳಿಯುವುದು ನಮ್ಮ ಅಡುಗೆಮನೆಯಲ್ಲಿ.

ಮನೆಯ ಪರೀಕ್ಷೆಗಳನ್ನು ನಂಬಬಹುದೇ?

‘ಫ್ರಿಜ್‌ನಲ್ಲಿ ಗಟ್ಟಿಯಾದರೆ ಕಲಬೆರಕೆ’ ಎನ್ನುತ್ತಾರೆ. ಶುದ್ಧ ಕಡಲೆಕಾಯಿ ಎಣ್ಣೆಯೂ ತಣ್ಣಗಾದರೆ ಮಬ್ಬಾಗಿ ಗಟ್ಟಿಯಾಗಬಹುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ; ಬೆಂಗಳೂರಿನ ಚಳಿಗಾಲದಲ್ಲಿ ಅದಕ್ಕೆ ಫ್ರಿಜ್ಜೂ ಬೇಡ. ‘ಕಾಯಿಸಿದಾಗ ನೊರೆ ಬಂದರೆ ಮೋಸ’ ಎಂಬುದೂ ಹಾಗೆಯೇ. ಗಾಣದ ಎಣ್ಣೆಯಲ್ಲಿ ಉಳಿದ ಅಂಟು ಮತ್ತು ನೀರಿನಂಶದಿಂದ ನೊರೆ ಬರುತ್ತದೆ.

ನಿಜವಾದ ಕಲಬೆರಕೆ ಕಣ್ಣಿಗೆ ಕಾಣುವುದಿಲ್ಲ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು. ಖಾದ್ಯತೈಲವನ್ನು ಬಿಡಿಯಾಗಿ, ಅಂದರೆ ಪ್ಯಾಕ್ ಮಾಡದೆ ಮಾರುವುದಕ್ಕೆ ನಿರ್ಬಂಧ ಇರುವುದು ಇಂಥ ಅಪಾಯ ತಡೆಯಲೆಂದೇ. ಗಾಣದ ಅಂಗಡಿಯ ಬಾಟಲಿಯ ಮೇಲೂ ತಯಾರಿಸಿದ ದಿನಾಂಕ ಮತ್ತು ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಇದೆಯೇ ನೋಡಿ.

‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿದೆಯಲ್ಲ?

ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಅದು ಆ ಕಂಪನಿಯ ಹೆಚ್ಚುಗಾರಿಕೆಯಲ್ಲ. ಬದಲಿಗೆ ಲೇಬಲ್ಲಿನಲ್ಲಿ ಪರ್ಯಾಪ್ತ ಕೊಬ್ಬಿನ ಪ್ರಮಾಣ ಓದಿ. ‘ಬ್ಲೆಂಡೆಡ್’ ಎಂದಿದ್ದರೆ ಯಾವ ಎಣ್ಣೆ ಎಷ್ಟು ಪಾಲು ಎಂಬುದನ್ನೂ ನೋಡಿ.

ಎಷ್ಟು ಬಳಸಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಯಾವ ಎಣ್ಣೆಯಾದರೂ ಒಂದು ಗ್ರಾಂನಲ್ಲಿ 9 ಕಿಲೋಕ್ಯಾಲೊರಿ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕಿಲೋಕ್ಯಾಲೊರಿಯ ಊಟದಲ್ಲಿ ಎಣ್ಣೆ, ತುಪ್ಪ ಸೇರಿ ಸುಮಾರು 27 ಗ್ರಾಂ, ಅಂದರೆ 5 ಮಿಲಿಲೀಟರಿನ ಆರು ಚಮಚ ಸಾಕು. ನಾಲ್ವರು ದೊಡ್ಡವರಿರುವ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಹೊರಗೆ ತಿನ್ನುವ ಬೋಂಡಾ, ಚಕ್ಕುಲಿಯೂ ಈ ಲೆಕ್ಕಕ್ಕೇ ಸೇರುತ್ತದೆ. ಗಾಣದ ಎಣ್ಣೆ ಎಂದು ಧಾರಾಳವಾಗಿ ಸುರಿದರೆ ಕೊಟ್ಟ ಹೆಚ್ಚಿನ ದುಡ್ಡಿಗೆ ಆರೋಗ್ಯ ಸಿಗದು.

ನೆನಪಿಡಬೇಕಾದ್ದು

- ಒಂದು ತಿಂಗಳಿಗೆ ಆಗುವಷ್ಟೇ ಕೊಳ್ಳಿ. ಗಾಣದ ಎಣ್ಣೆಯಾದರೆ ಇನ್ನೂ ಕಡಿಮೆ ತನ್ನಿ.
- ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ, ಮುಚ್ಚಳ ಬಿಗಿದು, ಒಲೆಯಿಂದ ದೂರ, ಕತ್ತಲಲ್ಲಿಡಿ.
- ಹಳೆಯ ಎಣ್ಣೆ ಉಳಿದಿರುವಾಗ ಅದರ ಮೇಲೆ ಹೊಸದನ್ನು ಸುರಿಯಬೇಡಿ.
- ಒಂದೇ ಎಣ್ಣೆಗೆ ಅಂಟಿಕೊಳ್ಳಬೇಡಿ. ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಹೀಗೆ ಬದಲಿಸುತ್ತಿರಿ.
- ಕರಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆ, ಪಲ್ಯಕ್ಕೆ ಮುಗಿಸಿ. ಮತ್ತೆ ಕರಿಯಲು ಬಳಸಬೇಡಿ.
- ಕಮಟು ವಾಸನೆ ಬಂದರೆ ಅಡುಗೆಗೆ ಬೇಡ.

ಒಟ್ಟಿನಲ್ಲಿ, ರಿಫೈನ್ಡ್ ಎಣ್ಣೆ ವಿಷವಲ್ಲ, ಗಾಣದ ಎಣ್ಣೆ ಔಷಧಿಯಲ್ಲ. ಒಳ್ಳೆಯ ಬೀಜದ ಗಾಣದ ಎಣ್ಣೆಯ ರುಚಿ ನಿಮಗಿಷ್ಟವಾದರೆ, ಬೆಲೆ ಕೈಗೆಟುಕಿದರೆ ಖಂಡಿತ ತನ್ನಿ. ಎಟುಕದಿದ್ದರೆ ಮಕ್ಕಳಿಗೆ ವಿಷ ಹಾಕುತ್ತಿದ್ದೇವೆಂಬ ಅಳುಕು ಬೇಡ. ಯಾವುದನ್ನು ತಂದರೂ ತಾಜಾ ಇರಲಿ, ಮಿತವಾಗಿರಲಿ.