ಪಾವ್ಲೋವರ ನಾಯಿಗಳೂ ನೇವಾ ನದಿಯ ನೆರೆಯೂ

ಪಾವ್ಲೋವರ ಹೆಸರೆತ್ತಿದೊಡನೆ ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿ ಕಣ್ಣಮುಂದೆ ನಿಲ್ಲುತ್ತದೆ. ಅವು ಕಲಿತದ್ದನ್ನು ಮರೆತ ಕಥೆ ಅಷ್ಟು ಪ್ರಸಿದ್ಧವಲ್ಲ.

1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡಿನಲ್ಲಿ ನೇವಾ ನದಿ ಉಕ್ಕಿ ನಾಯಿಗಳ ಕೊಟ್ಟಿಗೆಗೂ ನೀರು ನುಗ್ಗಿತು. ಗಾಳಿಮಳೆಯ ನಡುವೆ ಅವನ್ನು ಗುಂಪುಗುಂಪಾಗಿ ಈಜಿಸಿಕೊಂಡೇ ಪ್ರಯೋಗಶಾಲೆಗೆ ಸಾಗಿಸಬೇಕಾಯಿತು. ಪ್ರಾಣವೇನೋ ಉಳಿಯಿತು, ಆದರೆ ಕೆಲವು ನಾಯಿಗಳಲ್ಲಿ ಬಹುಕಾಲದಿಂದ ಬೇರೂರಿದ್ದ ಪಾಠವೇ ಅಳಿಸಿಹೋಗಿತ್ತು. ಅನ್ನದ ಆಸೆಯಿಂದ ಕಲಿತದ್ದನ್ನು ಒಂದು ದಿನದ ಭಯ ಕೊಚ್ಚಿಕೊಂಡು ಹೋಗಿತ್ತು.

ಅವುಗಳಲ್ಲೊಂದು ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು. ಹಳೆಯ ಸಂಕೇತಗಳಿಗೆ ಮತ್ತೆ ಜೊಲ್ಲು ಸುರಿಯತೊಡಗಿತು. ಆಗ, ಪರೀಕ್ಷಿಸೋಣವೆಂದು, ಕೋಣೆಯ ಬಾಗಿಲಡಿಯಿಂದ ಸಣ್ಣಗೆ ನೀರು ಹರಿಯಬಿಟ್ಟರು. ವಿಜ್ಞಾನದ ಕುತೂಹಲಕ್ಕೆ ಕರುಣೆ ಕಡಿಮೆಯೆಂದೇ ಹೇಳಬೇಕು! ಚಡಪಡಿಸಿ ಎದ್ದ ನಾಯಿ ನೆಲವನ್ನೇ ನೋಡುತ್ತ ಏದುಸಿರು ಬಿಡತೊಡಗಿತು. ಕಲಿತ ಪಾಠ ಮತ್ತೆ ಮಾಯವಾಯಿತು.