ಹಳೆಯ ಕರ್ನಲ್‌ನಿಂದ ಕಂಪ್ಯೂಟರ್ ಚಾಲೂ ಮಾಡುವುದು ಹೇಗೆ?

ಜತ್ತ: ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆದ ಮೇಲೆ ವೈ-ಫೈ ಸಿಗದಿರುವುದು, ಧ್ವನಿ ನಿಲ್ಲುವುದು, ಪರದೆ ಕಪ್ಪಾಗುವುದು ಉಂಟು. ಇಂಥ ಹೊತ್ತಿನಲ್ಲಿ ಗಡಬಡಿಸಿ ಫಾರ್ಮ್ಯಾಟ್ ಮಾಡಿಸಿದರೆ ಬ್ಯಾಕಪ್ ಇಲ್ಲದ ಕನ್ನಡ, ಮರಾಠಿ ಕಡತಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕೂ ಮೊದಲು ಹಳೆಯ ಕರ್ನಲ್‌ನಿಂದ ಚಾಲೂ ಮಾಡಿ ನೋಡಬೇಕು.

ಗಡಿನಾಡಿಗೆ ಲಿನಕ್ಸ್ ಹೊಸದಲ್ಲ. ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್‌ನಲ್ಲಿ ಕನ್ನಡ, ಮರಾಠಿ ಎರಡಕ್ಕೂ ಅವಕಾಶವಿದೆ. ಕಾಸರಗೋಡು ಸೇರಿದಂತೆ ಕೇರಳದ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧಾರಿತ ಲಿನಕ್ಸ್ ಒದಗಿಸಿದೆ.

ಕರ್ನಲ್, ಮಾಡ್ಯೂಲ್ ಎಂದರೇನು?

ಕರ್ನಲ್ ಎಂದರೆ ಯಂತ್ರಾಂಶ ಹಾಗೂ ತಂತ್ರಾಂಶಗಳ ನಡುವಿನ ಕಾರಭಾರಿ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್ ಬಿಡುಗಡೆ ಮಾಡಿದರು. ವೈ-ಫೈ, ಧ್ವನಿ ಮೊದಲಾದವುಗಳ ಚಾಲಕ ತಂತ್ರಾಂಶ ಸಾಮಾನ್ಯವಾಗಿ ಕರ್ನಲ್‌ನ ಹೊರಗೆ ಮಾಡ್ಯೂಲ್ ರೂಪದಲ್ಲಿರುತ್ತದೆ. ‘ಲಿಬ್’ ಫೋಲ್ಡರಿನ ‘ಮಾಡ್ಯೂಲ್ಸ್’ ಒಳಗೆ ಪ್ರತಿ ಕರ್ನಲ್‌ಗೂ ಅದರದೇ ಸಂಖ್ಯೆಯ ಫೋಲ್ಡರ್ ಇರುತ್ತದೆ. ಒಂದು ಪಂಪಿನ ವಾಷರ್ ಇನ್ನೊಂದಕ್ಕೆ ಕೂಡದಂತೆ, 5.15ರ ಮಾಡ್ಯೂಲನ್ನು 4.15ರ ಕರ್ನಲ್ ಒಪ್ಪುವುದಿಲ್ಲ. ಆದ್ದರಿಂದ ಫೋಲ್ಡರಿನ ಹೆಸರು ಬದಲಿಸಿ ಪ್ರಯೋಜನವಿಲ್ಲ.

ಮಾಡುವ ಕ್ರಮ (ಉಬುಂಟು)

1. ಟರ್ಮಿನಲ್‌ನಲ್ಲಿ ‘ಯುನೇಮ್’, ಒಂದು ಸ್ಪೇಸ್, ‘-ಆರ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಈಗ ನಡೆಯುತ್ತಿರುವ ಕರ್ನಲ್‌ನ ಸಂಖ್ಯೆ ಬರುತ್ತದೆ. ಬರೆದಿಟ್ಟುಕೊಳ್ಳಿ. ಪರದೆ ಕಪ್ಪಾಗಿದ್ದರೆ ನೇರವಾಗಿ ಮುಂದಿನ ಹಂತಕ್ಕೆ ಹೋಗಿ.

2. ರೀಸ್ಟಾರ್ಟ್ ಮಾಡಿ. ಹಳೆಯ ಬಯೋಸ್ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿಯಿರಿ, ಹೊಸದಾದರೆ ಎಸ್ಕೇಪ್ ಒತ್ತಿ. ಗ್ರಬ್ ಮೆನು ಕಾಣುತ್ತದೆ.

3. ‘ಅಡ್ವಾನ್ಸ್ಡ್ ಆಪ್ಷನ್ಸ್’ ಆರಿಸಿ, ಹಿಂದಿನ ಸಂಖ್ಯೆಯ ಕರ್ನಲ್ ಮೇಲೆ ಎಂಟರ್ ಒತ್ತಿ. ‘ರಿಕವರಿ ಮೋಡ್’ ಎಂದಿರುವುದು ಬೇಡ.

4. ಚಾಲೂ ಆದ ಮೇಲೆ ಮತ್ತೆ ಸಂಖ್ಯೆ ನೋಡಿ. ‘ಮಾಡ್ಯೂಲ್ಸ್’ ಒಳಗೆ ಅದೇ ಸಂಖ್ಯೆಯ ಫೋಲ್ಡರ್ ಇದೆಯೇ ಪರೀಕ್ಷಿಸಿ.

ಫೋಲ್ಡರ್ ಇಲ್ಲದಿದ್ದರೆ?

ಅಪ್‌ಡೇಟ್ ನಡುವೆ ವಿದ್ಯುತ್ ಹೋದರೆ, ಡಿಸ್ಕ್ ತುಂಬಿದರೆ ಮಾಡ್ಯೂಲ್‌ಗಳು ಅರ್ಧಕ್ಕೇ ನಿಲ್ಲಬಹುದು. ಆಗ ಇಂಟರ್‌ನೆಟ್ ಸಿಗುವ ಬೇರೆ ಕರ್ನಲ್‌ನಿಂದ ಚಾಲೂ ಮಾಡಿ, ಅದೇ ಸಂಖ್ಯೆಯ ‘ಲಿನಕ್ಸ್-ಇಮೇಜ್’, ‘ಲಿನಕ್ಸ್-ಮಾಡ್ಯೂಲ್ಸ್’ ಹಾಗೂ ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಪ್ಯಾಕೇಜ್‌ಗಳನ್ನು ಮರಳಿ ಹಾಕಬೇಕು. ಬೇರೆಯಾಗಿ ಹಾಕಿಸಿದ ಚಾಲಕ ತಂತ್ರಾಂಶವಿದ್ದರೆ ಅದನ್ನೂ ಆ ಕರ್ನಲ್‌ಗೆ ಹೊಸದಾಗಿ ಕಟ್ಟಬೇಕಾಗಬಹುದು.

ಗಮನಿಸಿ

ಹಳೆಯ ಕರ್ನಲ್ ತಾತ್ಕಾಲಿಕ ಉಪಾಯ ಮಾತ್ರ. ಅದರಲ್ಲಿ ಹೊಸ ಸುರಕ್ಷತಾ ತಿದ್ದುಪಡಿಗಳು ಇರುವುದಿಲ್ಲ. ಮೊದಲು ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಮುಂದಿನ ಅಪ್‌ಡೇಟ್ ಬಂದಾಗ ಹೊಸದನ್ನು ಮತ್ತೆ ಪರೀಕ್ಷಿಸಿ. ಜಾಗ ಉಳಿಸಲೆಂದು ಹಳೆಯ ಕರ್ನಲ್‌ಗಳನ್ನೆಲ್ಲ ಅಳಿಸದೆ, ಸರಿಯಾಗಿ ನಡೆಯುವ ಒಂದನ್ನಾದರೂ ಮಾಡ್ಯೂಲ್ ಸಮೇತ ಉಳಿಸಿಕೊಳ್ಳುವುದು ಜಾಣತನ.