ಬೈಲಕುಪ್ಪೆಯ ಟಿಬೆಟನ್ ನೆಲೆ: ಕಾಡು ಕಡಿದು ಕಟ್ಟಿದ ಬದುಕು

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿದರು. ಅಸ್ಸಾಂನ ಮಿಸ್ಸಾಮಾರಿ, ಬಂಗಾಳದ ಬುಕ್ಸಾ ಶಿಬಿರಗಳಲ್ಲಿ ಕೆಲಕಾಲ ತಂಗಿದ ಮೇಲೆ ಹಲವರ ಪಾಲಿಗೆ ಬಂದದ್ದು ಉತ್ತರದ ಬೆಟ್ಟಸೀಮೆಯಲ್ಲಿ ರಸ್ತೆ ಕಡಿಯುವ ಕೂಲಿ. ಜನ ಒಂದೆಡೆ ನೆಲೆ ನಿಲ್ಲದಿದ್ದರೆ ಮಕ್ಕಳ ಓದೂ ನಡೆಯದು, ಧರ್ಮವೂ ಉಳಿಯದು ಎಂಬ ಆತಂಕ ಇತ್ತು. ಜಮೀನು ಕೊಡುವಂತೆ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಉದಾರವಾಗಿ ಮುಂದೆ ಬಂತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಗುತ್ತಿಗೆಗೆ ಸಿಕ್ಕಿತು. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಸಿಕ್ಕ ಭೂಮಿ ಹೊಲವಾಗಿರಲಿಲ್ಲ, ಕಾಡಾಗಿತ್ತು. ಮೊದಲು ಬಂದವರು ಡೇರೆಗಳಲ್ಲಿ, ಬಿದಿರಿನ ಗುಡಿಸಲುಗಳಲ್ಲಿ ಇದ್ದುಕೊಂಡು ಮರ ಕಡಿದರು, ಬೇರು ಕಿತ್ತರು, ಪೊದೆ ಸುಟ್ಟರು. ತಂಪು ಸೀಮೆಯ ಮೈಗೆ ಇಲ್ಲಿನ ಸೆಕೆ ಒಗ್ಗಲಿಲ್ಲ. ಕಾಯಿಲೆಗೆ ಸಿಕ್ಕಿ ಸತ್ತವರಿದ್ದಾರೆ. ಬೆಳೆ ಎದ್ದರೆ ಆನೆ ಇಳಿಯುತ್ತಿತ್ತು. ಬಾರ್ಲಿ ಬೆಳೆದು ಯಾಕ್ ಮೇಯಿಸಿದ ಜನ ಮುಂಗಾರನ್ನು ನಂಬಿ ಮುಸುಕಿನ ಜೋಳ ಬಿತ್ತುವುದನ್ನು ಕಲಿತರು. ಸಹಕಾರ ಸಂಘ, ಹೈನುಗಾರಿಕೆ, ರತ್ನಗಂಬಳಿ ನೇಯ್ಗೆ ಜೊತೆಗೂಡಿದವು. ಮಳೆ ಕೈಕೊಟ್ಟ ವರ್ಷ ಕುಟುಂಬಗಳನ್ನು ಕಾಪಾಡಿದ್ದು ಬಹುಮಟ್ಟಿಗೆ ಚಳಿಗಾಲದಲ್ಲಿ ಊರೂರಿಗೆ ಹೋಗಿ ಮಾಡುವ ಸ್ವೆಟರ್ ವ್ಯಾಪಾರ.

ಬೈಲಕುಪ್ಪೆಯ ಅನುಭವದ ಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಸೀಮೆಗಳಲ್ಲೂ ನೆಲೆಗಳು ಎದ್ದವು. ಬೈಲಕುಪ್ಪೆಯಲ್ಲೇ 1969ರಲ್ಲಿ ಎರಡನೆಯದು ಬಂತು. ಟಿಬೆಟ್‌ನ ಸೆರಾ ಮಹಾವಿಹಾರ ಇಲ್ಲಿ ಮರುಹುಟ್ಟು ಪಡೆಯಿತು; ಪ್ರವಾಸಿಗರು ಗೋಲ್ಡನ್ ಟೆಂಪಲ್ ಎನ್ನುವ ನಾಮ್‌ಡ್ರೋಲಿಂಗ್ ಮಠದ ಆರಂಭ 1963ರಲ್ಲಿ.

ಈ ಚರಿತ್ರೆಯಲ್ಲಿ ಕನ್ನಡ ನಾಡು ಮರೆಯಬಾರದ ಒಂದು ಅಧ್ಯಾಯವಿದೆ. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ಕ್ಯಾಪ್ಟನ್ ವಿಲಿಯಂ ಡೇವಿನ್ಸನ್ ಸ್ಥಾಪಿಸಿದ ಸಂಸ್ಥೆ ಮೈರಾಡ. ಆ ಕೆಲಸ ಒಂದು ಹದಕ್ಕೆ ಬಂದ ಮೇಲೆ ಸಂಸ್ಥೆ ಬಾಗಿಲು ಹಾಕಲಿಲ್ಲ; ಹಳ್ಳಿಗಳ ಬಡವರತ್ತ ಹೊರಳಿತು. ಎಂಬತ್ತರ ದಶಕದ ನಡುವೆ ಅದು ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಸಾಲ ಪಡೆದ ಸದಸ್ಯರು ಮಾತ್ರ ಪರಸ್ಪರ ನಂಬಿಕೆಯಿದ್ದ ಹತ್ತಿಪ್ಪತ್ತು ಜನರ ಗುಂಪುಗಳಾಗಿ ಕೂತು, ಆ ಗುಂಪಿಗೇ ಹಣ ತೀರಿಸಲು ಒಪ್ಪಿದರು. ಸೋಲಿನಂತೆ ಕಂಡದ್ದರಲ್ಲಿ ದಾರಿಯನ್ನು ಗುರುತಿಸಿದ್ದು ಮೈರಾಡದ ದೊಡ್ಡತನ. ಈ ಗುಂಪುಗಳಿಗೆ 1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್‌ನ ನೆರವು ದೊರೆಯಿತು. 1992ರಲ್ಲಿ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಶುರುವಾಯಿತು. ಇಂದು ಸಂಘದ ಸಾಲದಲ್ಲಿ ಹಸು ಕಟ್ಟುವ ಹೆಣ್ಣುಮಕ್ಕಳಿಗೆ ತಲುಪಿರುವ ಈ ದಾರಿಯ ಒಂದು ತುದಿ ಟಿಬೆಟನ್ನರ ಶಿಬಿರದಲ್ಲಿದೆ.

ನೆಲೆ ಗಟ್ಟಿಯಾದರೂ ಕಾನೂನಿನ ಸ್ಥಾನ ಅಷ್ಟು ಗಟ್ಟಿಯಾಗಲಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಟಿಬೆಟನ್ನರು ವಿದೇಶಿಯರೆಂದು ದಾಖಲಾಗಿ, ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಪೌರರೇ ಎಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ತಳೆಯಿತು. 2014ರ ಟಿಬೆಟನ್ ಪುನರ್ವಸತಿ ನೀತಿ, ನೆಲೆಗಳ ಭೂಮಿಗೆ 20 ವರ್ಷಗಳ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದೂ ಉದ್ಯೋಗ ಖಾತರಿ, ಪಡಿತರದಂಥ ಯೋಜನೆಗಳನ್ನು ಅಲ್ಲಿಗೂ ವಿಸ್ತರಿಸಬೇಕೆಂದೂ ರಾಜ್ಯಗಳಿಗೆ ಸೂಚಿಸಿತು.